ಆಂಟೆಲೋಪ್ ಕಣಿವೆಯ ಗೈಡ್ ಪ್ರವಾಸ: ಕ್ಯಾಮೆರಾ ಹಿಡಿದು ಹೋಗುವವರಿಗಾಗಿ ಒಂದು ವಿಮರ್ಶೆ

ಅಮೆರಿಕದ ಅರಿಜೋನಾ ರಾಜ್ಯದ ಪೇಜ್ ಎಂಬ ಸಣ್ಣ ಊರಿನ ಪಕ್ಕದಲ್ಲಿರುವ ಆಂಟೆಲೋಪ್ ಕಣಿವೆಗೆ ಗೈಡ್ ಜೊತೆಗಿಲ್ಲದೆ ಪ್ರವೇಶವಿಲ್ಲ. ಅದು ನವಾಹೋ ಮೂಲನಿವಾಸಿಗಳ ನೆಲ. ಅವರ ಅನುಮತಿ ಪಡೆದ ಸಂಸ್ಥೆಗಳು ಪ್ರವಾಸಿಗರನ್ನು ತಂಡ ತಂಡವಾಗಿ ಒಳಗೆ ಕರೆದೊಯ್ಯುತ್ತವೆ. ಮೇಲಿನ ಕಣಿವೆ, ಕೆಳಗಿನ ಕಣಿವೆ ಎಂಬ ಎರಡು ಭಾಗಗಳಿಗೂ ಬೇರೆ ಬೇರೆ ಸಂಸ್ಥೆಗಳ ಟಿಕೆಟ್ ಕೊಂಡು ನಾನು ಹೋಗಿ ಬಂದೆ. ಹೋದ ಉದ್ದೇಶ ಒಂದೇ: ಕಲ್ಲು ಹರಿಯುತ್ತಿರುವಂತೆ ಕಾಣುವ ನಾಲ್ಕು ಚಿತ್ರಗಳನ್ನಾದರೂ ತೆಗೆಯಬೇಕೆಂಬುದು.

ಆ ಹರಿವು ಬರಿಯ ಭ್ರಮೆಯಲ್ಲ. ಜುರಾಸಿಕ್ ಕಾಲದಲ್ಲಿ, ಅಂದರೆ ಸುಮಾರು 19 ಕೋಟಿ ವರ್ಷಗಳ ಹಿಂದೆ, ಗಾಳಿ ತಂದು ಒಟ್ಟಿದ ಮರಳದಿಬ್ಬಗಳೇ ಗಟ್ಟಿಯಾಗಿ ಇಲ್ಲಿನ ನವಾಹೋ ಮರಳುಗಲ್ಲಾಗಿವೆ. ದಿಬ್ಬದ ಇಳಿಜಾರಿನಲ್ಲಿ ಮರಳು ಜಾರಿ ಕೂತ ಪದರಗಳು ಗೋಡೆಯ ಮೇಲೆ ಓರೆಗೆರೆಗಳಾಗಿ ಉಳಿದಿವೆ. ಆ ಪದರಗಳನ್ನು ಕೊರೆದು ಕಣಿವೆ ಮಾಡಿದ್ದು ಎಲ್ಲೋ ದೂರದಲ್ಲಿ ಮಳೆ ಸುರಿದಾಗ ನುಗ್ಗಿ ಬರುವ ದಿಢೀರ್ ಪ್ರವಾಹ. ಗೆರೆ ಗಾಳಿಯದು, ಬಳುಕು ನೀರಿನದು. ಇವೆರಡೂ ಒಂದನ್ನೊಂದು ಹಾಯುವ ಜಾಗದಲ್ಲಿ ಕ್ಯಾಮೆರಾ ಹಿಡಿದರೆ ಚಿತ್ರ ತಾನಾಗಿ ಚಲಿಸುತ್ತದೆ. (ಬಾದಾಮಿಯ ಗುಹೆಗಳ ಕಂಬಗಳಲ್ಲಿ ಬಣ್ಣದ ಪಟ್ಟೆಗಳನ್ನು ನೋಡಿದವರಿಗೆ ಮರಳುಗಲ್ಲಿನ ಈ ಗುಣ ಅಪರಿಚಿತವೇನಲ್ಲ, ಆದರೆ ಅಲ್ಲಿ ಉಳಿ ನೇರವಾಗಿ ಕಡಿದಿದೆ.)

ಮೇಲಿನ ಕಣಿವೆಯ ಪ್ರವಾಸ ನನಗೆ ನಿರಾಸೆ ತಂದಿತು. ಇದರ ಬಾಯಿ ಕಿರಿದು, ತಳ ಅಗಲ. ಬೇಸಿಗೆಯ ನಡುಹಗಲಿನಲ್ಲಿ ನೆತ್ತಿಯ ಸೀಳಿನಿಂದ ಬೆಳಕಿನ ಕೋಲು ನೆಲಕ್ಕಿಳಿಯುವುದೇ ಇದರ ಖ್ಯಾತಿಗೆ ಕಾರಣ. ಅದಕ್ಕಾಗಿಯೇ ಆ ಹೊತ್ತಿನ ಟಿಕೆಟ್ ದುಬಾರಿ, ಜನಸಂದಣಿಯೂ ಹೆಚ್ಚು. ಗೈಡ್ ಒಂದು ಹಿಡಿ ಮರಳನ್ನು ಮೇಲಕ್ಕೆ ತೂರಿದ, ಕೋಲು ಹೊಳೆಯಿತು, ಎಲ್ಲರೂ ಅದನ್ನೇ ತೆಗೆದರು, ಮುಂದಿನ ತಂಡ ಬೆನ್ನಿಗೆ ಬಂದು ನಿಂತಿತು. ಆ ಚಿತ್ರದಲ್ಲಿ ಬೆಳಕಿದೆ, ಕಲ್ಲಿಲ್ಲ. ಹಿಂದಿನವರ ಅವಸರಕ್ಕೆ ನಮ್ಮನ್ನು ದೂಡಿದ ಆ ಸಂಸ್ಥೆಯ ರೀತಿ ತೆತ್ತ ಹಣಕ್ಕೆ ತಕ್ಕದ್ದಾಗಿರಲಿಲ್ಲ.

ಕೆಳಗಿನ ಕಣಿವೆಯ ಅನುಭವ ಬೇರೆಯೇ. ಇಲ್ಲಿ ಬಾಯಿ ಅಗಲ, ತಳ ಇಕ್ಕಟ್ಟು. ಕೆಲವೆಡೆ ಪಾದಗಳನ್ನು ಒಂದರ ಮುಂದೊಂದು ಇಟ್ಟೇ ನಡೆಯಬೇಕು. ಕಡಿದಾದ ಕಬ್ಬಿಣದ ಏಣಿಗಳಲ್ಲಿ ಇಳಿಯುವಾಗ ಗೈಡ್ 1997ರ ಆಗಸ್ಟ್ 12ರಂದು 11 ಮಂದಿ ಪ್ರವಾಸಿಗರನ್ನು ಕೊಚ್ಚಿಕೊಂಡು ಹೋದ ಪ್ರವಾಹದ ವಿಷಯವನ್ನು ಹೇಳಿದಳು. ಅದಾದ ಮೇಲೆ ಗೋಡೆಗಳ ನಯವನ್ನು ನಾನು ನೋಡಿದ ಬಗೆಯೇ ಬದಲಾಯಿತು.

ಟ್ರೈಪಾಡ್, ಬೆನ್ನಚೀಲ ಎರಡಕ್ಕೂ ನಿಷೇಧವಿತ್ತು. ಧೂಳು ಸದಾ ಉದುರುತ್ತಿರುವುದರಿಂದ ಲೆನ್ಸ್ ಬದಲಿಸುವ ಯೋಚನೆಯನ್ನೇ ಬಿಡಬೇಕು. ನಾನು ಅಗಲ ನೋಟದ 16-35 ಮಿ.ಮೀ. ಲೆನ್ಸ್ ಒಂದನ್ನೇ ಹಾಕಿಕೊಂಡು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬುದನ್ನು ಹೇಳುವ ಐಎಸ್‌ಒ ಅನ್ನು 1600ಕ್ಕೆ ಏರಿಸಿ, ಗೋಡೆಗೆ ಹೆಗಲಾನಿಸಿ ತೆಗೆದೆ. ಒಂದು ತಿರುವಿನಲ್ಲಿ ಮೊಣಕೈ ಎತ್ತರದಿಂದ ಹೊರಟ ಗೆರೆಗಳ ಕಂತೆಯೊಂದು ಮೇಲೇರಿ, ಮಡಿಸಿದ ಸೀರೆಯ ನೆರಿಗೆಯಂತೆ ಹೊರಳಿ, ಎದುರು ಗೋಡೆಯ ಅಂಚಿನ ಹಿಂದೆ ಮರೆಯಾಗುತ್ತಿತ್ತು. ಮೊದಲ ಚಿತ್ರದಲ್ಲಿ ಮೇಲೆ ಒಂದು ಚೂರು ಆಕಾಶ ಸೇರಿತು: ಅದು ಬಿಳಿಯಾಗಿ ಸುಟ್ಟುಹೋಗಿ ಕಣ್ಣನ್ನು ಅಲ್ಲಿಯೇ ಕಟ್ಟಿಹಾಕಿತು. ಆಕಾಶ, ನೆಲ ಎರಡನ್ನೂ ಚೌಕಟ್ಟಿನಿಂದ ಹೊರಗಿಟ್ಟು, ಬೆಳಕು ತಾಗಿದ ಅಂಚಿಗೆ ಕ್ಯಾಮೆರಾದ ಬೆಳಕಿನ ಅಳತೆ ಹಿಡಿದು, ಗೆರೆಗಳು ಕೆಳಗಿನ ಎಡಮೂಲೆಯಿಂದ ಒಳಬರುವಂತೆ ನಿಂತಾಗ ಅದೇ ಕಲ್ಲು ಓಡತೊಡಗಿತು. ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯದಿದ್ದಾಗಲೇ ಚಲನೆ ಹೆಚ್ಚು.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಬಿಸಿಲು ಗೋಡೆಯಿಂದ ಗೋಡೆಗೆ ಪುಟಿದಷ್ಟೂ ಕೆಂಪೇರುತ್ತದೆ. ಆಕಾಶದ ಬೆಳಕಷ್ಟೇ ಬೀಳುವ ನೆರಳು ನೇರಳೆಯಾಗುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಈ ಕಿತ್ತಳೆಯನ್ನು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಅದರಲ್ಲಿ ಮೋಡದ ಸೆಟ್ಟಿಂಗ್ ಇಟ್ಟು, ಬಣ್ಣವನ್ನು ಆಮೇಲೆ ತಿದ್ದಲು ಬಿಡುವ ರಾ ಫೈಲಿನಲ್ಲಿ ತೆಗೆಯುವುದು ಒಳ್ಳೆಯದು. ನಮ್ಮ ಗೈಡ್ ತಂಡದ ಎಲ್ಲರ ಫೋನುಗಳನ್ನೂ ತಾನೇ ಈಸಿಕೊಂಡು ಇದನ್ನು ಸರಿಪಡಿಸಿ ಕೊಟ್ಟಳು, ಎಲ್ಲಿ ಮಂಡಿಯೂರಬೇಕೆಂಬುದನ್ನೂ ತೋರಿಸಿದಳು. ಅವಳು ತೋರಿಸಿದ ಕೋನಗಳು ಸಾವಿರಾರು ಜನರು ತೆಗೆದವೇ ಆದರೂ, ಅವಸರಪಡಿಸದೆ ನನ್ನನ್ನು ತಂಡದ ಕೊನೆಯಲ್ಲಿ ನಡೆಯಲು ಬಿಟ್ಟದ್ದು ದೊಡ್ಡ ಉಪಕಾರ.

ಸಮಯದ ಗೊಂದಲವೂ ಒಂದಿದೆ. ಬೇಸಿಗೆಯಲ್ಲಿ ನವಾಹೋ ಪ್ರದೇಶದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಅರಿಜೋನಾದ ಉಳಿದ ಭಾಗದ್ದು ಇರುವುದಿಲ್ಲ, ಪ್ರವಾಸಗಳು ಪೇಜ್ ಊರಿನ ಸಮಯದಂತೆ ಹೊರಡುತ್ತವೆ. ನನ್ನ ಫೋನ್ ತಾನಾಗಿ ನವಾಹೋ ಸಮಯಕ್ಕೆ ಬದಲಾಗಿದ್ದರಿಂದ ಬಿಸಿಲಿನಲ್ಲಿ ಒಂದು ಗಂಟೆ ಸುಮ್ಮನೆ ನಿಂತಿದ್ದೆ. ಮತ್ತೊಮ್ಮೆ ಹೋಗುವ ಅವಕಾಶ ಸಿಕ್ಕರೆ ಮೇಲಿನ ಕಣಿವೆಯ ದುಡ್ಡನ್ನು ಉಳಿಸಿ, ಕೆಳಗಿನದಕ್ಕೇ ಎರಡು ಟಿಕೆಟ್ ಕೊಳ್ಳುತ್ತೇನೆ: ಒಂದು ಬೆಳಗಿನ ಮೊದಲ ತಂಡಕ್ಕೆ, ಇನ್ನೊಂದು ನಡುಹಗಲಿಗೆ.