ಮೈಲೇಜು ಹೇಳಿದ್ದು 18.4, ಕೊಟ್ಟಿದ್ದು 9.4: ಹದಿನಾಲ್ಕು ತಿಂಗಳು ಓಡಿಸಿದ ಮೇಲೆ

ಗಾಡಿ ತಗೊಂಡು ಹದಿನಾಲ್ಕು ತಿಂಗಳಾಯಿತು. 11,600 ಕಿ.ಮೀ. ಓಡಿದೆ. ಒಂದು ಲೀಟರ್ ಟರ್ಬೋ ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್ ಗೇರು, ನಾಲ್ಕು ಮೀಟರ್ ಒಳಗಿನ ಎಸ್‌ಯುವಿ. ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ದೂರು ಈ ಅಳತೆಯ ಯಾವ ಗಾಡಿಗೆ ಬೇಕಾದರೂ ಒಪ್ಪುತ್ತದೆ. ಪಕ್ಕದ ಮನೆಯವರದು ಬೇರೆ ಕಂಪನಿ, ಅವರ ಗೋಳೂ ಇದೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಮ್ಮನಿಗೆ ಮಂಡಿನೋವು, ಬಗ್ಗದೆ ಹತ್ತಿ ಕೂರುತ್ತಾರೆ. ಏಪ್ರಿಲ್ ಬಿಸಿಲಲ್ಲಿ ನಿಂತಿದ್ದ ಗಾಡಿಯನ್ನೂ ಎಸಿ ಐದು ನಿಮಿಷದಲ್ಲಿ ತಣ್ಣಗೆ ಮಾಡುತ್ತದೆ. ಯಾವ ಹಂಪ್‌ಗೂ ತಳ ತಾಗಿಲ್ಲ. ಹೆಬ್ಬಾಳದ ಫ್ಲೈಓವರ್ ಏರುವಾಗ ಎಡಗಾಲಿಗೆ ಕೆಲಸವೇ ಇಲ್ಲ. ಸರ್ವೀಸಿಗೆ ಎರಡು ಸಲ ಬಿಟ್ಟೆ, ಎರಡು ಸಲವೂ ಹೇಳಿದ ದಿನಕ್ಕೆ ಕೊಟ್ಟರು.

ಇನ್ನು ಮೈಲೇಜು. ಶೋರೂಮಿನ ಹುಡುಗ ಹೇಳಿದ್ದು ಲೀಟರಿಗೆ 18.4 ಕಿ.ಮೀ. ನಾನು ರಾಜಾಜಿನಗರದಿಂದ ನಾಗವಾರದ ಆಫೀಸಿಗೆ ದಿನಾ ಓಡಾಡುತ್ತೇನೆ. ಒಂದು ಕಡೆಗೆ 14 ಕಿ.ಮೀ. ಸಿಕ್ಕಿದ್ದು 9.4. ಡ್ಯಾಶ್‌ಬೋರ್ಡ್ 10.2 ಅಂತ ತೋರಿಸುತ್ತದೆ, ಅದನ್ನು ನಾನು ನಂಬುವುದಿಲ್ಲ. ಒಂದೇ ಬಂಕು, ಪೈಪು ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್, ಮೀಟರ್ ಸೊನ್ನೆ ಮಾಡು, ಮತ್ತೆ ಫುಲ್ ಮಾಡಿಸಿ ಭಾಗಿಸು. ಅಪ್ಪ ಕಲಿಸಿದ ಲೆಕ್ಕ ಇದು.

ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸಿದವರು. ಲೆಕ್ಕ ಬರೆಯದೆ ಅವರಿಗೆ ನಿದ್ದೆ ಬರುವುದಿಲ್ಲ. ಮಾರುತಿ 800 ಇದ್ದಾಗ ಅದಕ್ಕೂ ಒಂದು ಉದ್ದ ಪುಸ್ತಕ ಇಟ್ಟಿದ್ದರು, ಮಂಡಿಯ ಪುಸ್ತಕದ ಹಾಗೆಯೇ ಕೆಂಪು ಬಟ್ಟೆಯ ಬೈಂಡು. ಹೋದ ಯುಗಾದಿಗೆ ಅಟ್ಟದ ಮೇಲೆ ಸಿಕ್ಕಿತು. 1998ರ ಹಾಳೆಯಲ್ಲಿ, "ತಿಪಟೂರು–ಬೆಂಗಳೂರು–ತಿಪಟೂರು, ನಾಲ್ಕು ಜನ, 17.2" ಅಂತ ನೀಲಿ ಇಂಕಿನಲ್ಲಿದೆ. ಪಕ್ಕದಲ್ಲಿ, "ಗಾಳಿ ಕಮ್ಮಿ ಇತ್ತು". ಟಯರಿನ ಗಾಳಿ ಕಮ್ಮಿಯಾದರೆ ಮೈಲೇಜು ಬೀಳುತ್ತದೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಅದೇ ರಸ್ತೆಯಲ್ಲಿ ನನ್ನ ಗಾಡಿ ಸಾಮಾನ್ಯವಾಗಿ ಕೊಡುವುದು 16ರ ಆಸುಪಾಸು. ಇಪ್ಪತ್ತೇಳು ವರ್ಷ ಕಳೆದಿದೆ. ಪೆಟ್ರೋಲಿಗೆ ಗಾಳಿ ಬೆರೆಸುತ್ತಿದ್ದ ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂತು. ಹೆದ್ದಾರಿ ಅಗಲವಾಯಿತು. ಆದರೂ ಒಂದು ಲೀಟರು ಅಪ್ಪನನ್ನು ಒಯ್ದಷ್ಟು ದೂರ ನನ್ನನ್ನು ಒಯ್ಯುವುದಿಲ್ಲ ಅಂದರೆ ಏನರ್ಥ?

ಮೊದಲು ಕಂಪನಿ ಸುಳ್ಳು ಹೇಳಿದೆ ಅಂದುಕೊಂಡೆ. ಹಾಗಲ್ಲ. ಆ 18.4 ಬರುವುದು ಲ್ಯಾಬಿನಿಂದ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಸುಮಾರು 20 ನಿಮಿಷ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ, ಎಸಿ ಆಫ್. ಹೆಬ್ಬಾಳದ ಜಾಮ್ ಆ ರೋಲರ್ ಮೇಲೆ ಎಲ್ಲಿಂದ ಬರಬೇಕು! ಒಂದು ಭಾನುವಾರ ಹಟಕ್ಕೆ ಬಿದ್ದು ತಿಪಟೂರಿನ ತನಕ 80 ದಾಟಿಸದೆ ಹೋದೆ. "ಲಾರಿಗಳೂ ಓವರ್‌ಟೇಕ್ ಮಾಡ್ತಿವೆ, ನೋಡ್ತಿದ್ದೀಯ ತಾನೇ?" ಅಂತ ನಮ್ಮೆಜಮಾನರು ನೆಲಮಂಗಲ ದಾಟುವಷ್ಟರಲ್ಲೇ ಶುರುಮಾಡಿದರು. ಬಂತು ನೋಡಿ 19.1. ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ! ವಾಪಸ್ ಬರುವಾಗ ಸೋಮವಾರದ ಅವಸರ, ತುಮಕೂರಿನಿಂದ ಈಚೆಗೆ ಪೂರ್ತಿ 100ರ ಮೇಲೆ. 13.8. 80ರಿಂದ 110ಕ್ಕೆ ಹೋದರೆ ಗಾಳಿಯ ತಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅದರಲ್ಲೂ ನನ್ನದು ಬೀರು ನಿಲ್ಲಿಸಿದ ಹಾಗಿರುವ ಗಾಡಿ.

ಊರೊಳಗಿನ ಕತೆ ಬೇರೆ. ಅಲ್ಲಿ ಗಾಳಿಯ ತಪ್ಪೇನಿಲ್ಲ. ಒಂದು ದಿನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಹೋದೆ (ಪಕ್ಕದಲ್ಲಿ ಸಹೋದ್ಯೋಗಿ ಇದ್ದಳು, ಒತ್ತುವ ಕೆಲಸ ಅವಳದು). 62 ನಿಮಿಷದಲ್ಲಿ 25 ನಿಮಿಷ ಚಕ್ರ ತಿರುಗಲೇ ಇಲ್ಲ. ಎಸಿ ಹಾಕಿಕೊಂಡು ಸುಮ್ನೆ ನಿಂತರೂ ಇಂಥ ಎಂಜಿನ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಒಂದು ಕಡೆಯ ಪ್ರಯಾಣಕ್ಕೆ ಸುಡುವುದು ಒಂದೂವರೆ ಲೀಟರು. ಅದರಲ್ಲಿ ಹತ್ತಿರಹತ್ತಿರ ಕಾಲು ಭಾಗ ನಿಂತಲ್ಲೇ ಹೋಯಿತು. ನಿಂತಾಗ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಇದೆ. ಆದರೆ ಆಫ್ ಆದ ಕೂಡಲೇ ಎಸಿ ಬಿಸಿಗಾಳಿ ಬಿಡುತ್ತದೆ, ಹಾಗಾಗಿ ದಿನಾ ಗಾಡಿ ಹತ್ತಿದ ಕೂಡಲೇ ಆ ಬಟನ್ ಒತ್ತಿ ಬಂದ್ ಮಾಡುವವಳು ನಾನೇ.

ಉಳಿದದ್ದರಲ್ಲಿ ಬ್ರೇಕಿನ ಪಾಲೂ ಇದೆ. ಹನ್ನೆರಡು ಕ್ವಿಂಟಾಲ್ ಕಬ್ಬಿಣವನ್ನು 40ಕ್ಕೆ ಓಡಿಸು, ನಿಲ್ಲಿಸು, ಮತ್ತೆ ಓಡಿಸು. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಆ ಓಟಕ್ಕೆ ಸುರಿದ ಪೆಟ್ರೋಲು ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಷ್ಟಕ್ಕೂ ಪೆಟ್ರೋಲ್ ಎಂಜಿನ್ನಿನದು ಮೊದಲಿಂದಲೂ ಇದೇ ಹಣೆಬರಹ. ನೂರು ರೂಪಾಯಿಯ ಪೆಟ್ರೋಲಿನಲ್ಲಿ ಚಕ್ರ ತಿರುಗಿಸುವುದಕ್ಕೆ ಸಿಗುವುದು ಇಪ್ಪತ್ತೋ ಇಪ್ಪತ್ತೈದೋ ರೂಪಾಯಿಯಷ್ಟು. ಮಿಕ್ಕಿದ್ದೆಲ್ಲ ರೇಡಿಯೇಟರ್, ಸೈಲೆನ್ಸರ್ ಪಾಲು. ನಮ್ಮ ಅಪಾರ್ಟ್‌ಮೆಂಟಿನ ಬಿಳಿ ಬೆಕ್ಕು ಸಂಜೆ ಏಳಕ್ಕೆ ಪಾರ್ಕಿಂಗಿನಲ್ಲಿ ಕಾದು ಕೂತಿರುತ್ತದೆ. ನಾನು ಇಳಿದ ತಕ್ಷಣ ಬಾನೆಟ್ ಮೇಲೆ ಹತ್ತಿ ಮಲಗುತ್ತದೆ. ನನ್ನ ಪೆಟ್ರೋಲಿನ ಪೂರ್ತಿ ಲಾಭ ಪಡೆಯುತ್ತಿರುವುದು ಅದೊಂದೇ.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಲೀಟರಿನ ಲೆಕ್ಕದಲ್ಲಿ ಶೇಕಡ ಆರೇಳರಷ್ಟು ಖೋತಾ. 9.4ಕ್ಕೆ ಇದೂ ಸ್ವಲ್ಪ ಕಾರಣ, ಪೂರ್ತಿ ಅಲ್ಲ.

ಅಪ್ಪನ 800 ತೂಗುತ್ತಿದ್ದದ್ದು ಆರೂವರೆ ಕ್ವಿಂಟಾಲ್. ನನ್ನದು ಅದರ ಎರಡರಷ್ಟಕ್ಕೆ ಸ್ವಲ್ಪ ಕಮ್ಮಿ. ಅದರದ್ದು 37 ಕುದುರೆಶಕ್ತಿಯ ಎಂಜಿನ್, ನನ್ನದರದ್ದು ನೂರರ ಮೇಲೆ. ಅದರ ಟಯರು 12 ಇಂಚು, ನನ್ನದು 16, ಅಗಲವೂ ಜಾಸ್ತಿ. ಎಂಜಿನ್ ನಿಜಕ್ಕೂ ಸುಧಾರಿಸಿದೆ. ಆ ಸುಧಾರಣೆಯನ್ನೆಲ್ಲ ನಾವು ಮೈಲೇಜಾಗಿ ತಗೊಳ್ಳಲಿಲ್ಲ, ಎತ್ತರವಾಗಿ, ಪಿಕಪ್ ಆಗಿ, ಮೆತ್ತನೆ ಸೀಟಾಗಿ ತಗೊಂಡೆವು. ಆ ತೂಕದಲ್ಲಿ ಏರ್‌ಬ್ಯಾಗೂ ಇದೆ, ಗಟ್ಟಿ ಬಾಡಿಯೂ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸನ್‌ರೂಫ್ ಇರುವ ಮಾಡೆಲ್ಲೇ ಬೇಕು ಅಂತ ಹಟ ಮಾಡಿದವಳು ನಾನೇ ಅಲ್ವಾ? ಇಷ್ಟು ದಿನದಲ್ಲಿ ತೆರೆದದ್ದು ಎರಡು ಸಲ, ಒಂದು ಸಲ ತಪ್ಪಿ.

ಹೆಚ್ಚು ಕೊಡುವ ಗಾಡಿ ಮಾಡಲು ಬರುವುದಿಲ್ಲ ಅಂತಲ್ಲ. ಫೋಕ್ಸ್‌ವ್ಯಾಗನ್ 2013ರಲ್ಲಿ ಎಕ್ಸ್‌ಎಲ್‌1 ಅಂತ ಒಂದು ಮಾಡಿತು. ನೂರು ಕಿಲೋಮೀಟರಿಗೆ ಒಂದು ಲೀಟರ್ ಡೀಸೆಲ್ ಕೂಡ ಬೇಡ ಅಂತ ಘೋಷಣೆ, ಜೊತೆಗೆ ಬ್ಯಾಟರಿ. ಎರಡೇ ಸೀಟು, ಕಾರ್ಬನ್ ಫೈಬರ್ ಬಾಡಿ, ನೆಲಕ್ಕೆ ಅಂಟಿಕೊಂಡ ಮೀನಿನ ಆಕಾರ. 250 ಮಾತ್ರ ಮಾಡುತ್ತೇವೆ ಅಂದರು, ಬೆಲೆ ಐಷಾರಾಮಿ ಕಾರಿನದು. ಅಮ್ಮನನ್ನೂ ತೆಂಗಿನಕಾಯಿ ಮೂಟೆಯನ್ನೂ ಅದರಲ್ಲಿ ಎಲ್ಲಿ ಕೂರಿಸೋಣ?

ನಮ್ಮ ಪಕ್ಕದ ಬಿಡದಿಯಲ್ಲೇ ಟೊಯೊಟಾ ಹೈರೈಡರ್ ಹೈಬ್ರಿಡ್ ತಯಾರಾಗುತ್ತದೆ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಗಾಡಿ. ಘೋಷಿತ ಮೈಲೇಜು 27.97. ನಮ್ಮ ಭಾವನದು ಅದೇ, ಊರೊಳಗೆ 20 ಕೊಡುತ್ತದೆ. ಬ್ರೇಕ್ ಒತ್ತಿದಾಗ ಹೋಗುವ ಶಕ್ತಿಯಲ್ಲಿ ಒಂದಿಷ್ಟನ್ನು ಹಿಡಿದು ಬ್ಯಾಟರಿಗೆ ತುಂಬುತ್ತದೆ, ಜಾಮ್‌ನಲ್ಲಿ ಎಂಜಿನ್ ಬಹಳ ಹೊತ್ತು ಮಲಗಿಯೇ ಇರುತ್ತದೆ. ನಾನು ಕೊಳ್ಳುವಾಗ ಹೈಬ್ರಿಡ್‌ಗೂ ನನ್ನದಕ್ಕೂ ಮೂರೂವರೆ ಲಕ್ಷ ಅಂತರ ಇತ್ತು. ಅಪ್ಪನ ಮಗಳಲ್ವಾ, ಅಲ್ಲೇ ಲೆಕ್ಕ ಹಾಕಿದೆ. ಊರೊಳಗೆ ವರ್ಷಕ್ಕೆ 7,000 ಕಿ.ಮೀ. ಓಡಿಸಿದರೆ ಉಳಿಯುವುದು 40 ಸಾವಿರ ರೂಪಾಯಿ. ಮೂರೂವರೆ ಲಕ್ಷ ತೀರಲು ಎಂಟೂವರೆ ವರ್ಷ. ಬೇಡ ಅಂದೆ. ನನ್ನ ಹಾಗೆ ಲೆಕ್ಕ ಹಾಕಿ ಎದ್ದು ಬರುವವರೇ ಜಾಸ್ತಿ ಇದ್ದರೆ ಕಂಪನಿಯವರು ಇನ್ನೇನು ಮಾಡುತ್ತಾರೆ?

ಆ 13.8ರ ದಿನ ಅಪ್ಪ ನಮ್ಮ ಜೊತೆ ಬೆಂಗಳೂರಿಗೆ ಬಂದಿದ್ದರು. ಇಳಿದವರೇ, "ಎಷ್ಟು ಕೊಡ್ತಮ್ಮ?" ಅಂದರು. ಹೇಳಿದೆ. ಮಾತಾಡದೆ ಹಳೇ ಪುಸ್ತಕ ತೆಗೆದು, 1998ರ ಕೈಬರಹಕ್ಕಿಂತ ಸ್ವಲ್ಪ ನಡುಗುವ ಅಕ್ಷರದಲ್ಲಿ ಬರೆದುಕೊಂಡರು: "ತಿಪಟೂರು–ಬೆಂಗಳೂರು, ಮೂರು ಜನ, 13.8. ಮಗಳ ಡ್ರೈವಿಂಗು."

ತಗೊಳ್ಳಬಹುದಾ ಅಂತ ಕೇಳಿದರೆ, ಊರಿಂದೂರಿಗೆ ಓಡಾಟ ಜಾಸ್ತಿ ಇರುವವರು ತಗೊಳ್ಳಿ, 80–90ರಲ್ಲಿ ಹೋಗುವ ತಾಳ್ಮೆ ಇದ್ದರೆ ಬೇಜಾರಾಗುವುದಿಲ್ಲ. ಬರೀ ಬೆಂಗಳೂರಿನೊಳಗೆ ದಿನಕ್ಕೆ 40–50 ಕಿ.ಮೀ. ಸುತ್ತುವವರಾದರೆ ಹೈಬ್ರಿಡ್ಡೋ ಎಲೆಕ್ಟ್ರಿಕ್ಕೋ ನೋಡಿ, ನನ್ನ ಎಂಟೂವರೆ ವರ್ಷ ನಿಮಗೆ ನಾಲ್ಕಕ್ಕೆ ಇಳಿಯುತ್ತದೆ. ಸನ್‌ರೂಫ್ ಇಲ್ಲದ ಮಾಡೆಲ್ ಸಾಕು. ಟಯರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ.