ಲಿನಕ್ಸ್ ಮಿಂಟ್ 22: ಹಳೇ ಲ್ಯಾಪ್‌ಟಾಪಿಗೆ ಧಾರಾಳ ಸಾಕು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇಲ್ಲ, ಹಾಗಾಗಿ ಅದರ ಆಸೆ ಬಿಟ್ಟು, ವಿಂಡೋಸ್ ಬದಲಿಗೆ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22 ಹಾಕಿದೆ. 2024ರಲ್ಲಿ ಬಂದದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ, ದುಡ್ಡೇನೂ ಕೊಡಬೇಕಿಲ್ಲ. ಪರದೆಯ ಕೆಳಗಿನ ಪಟ್ಟಿಯನ್ನು (ಪ್ಯಾನೆಲ್) ಮೇಲಕ್ಕೆ ಸರಿಸುವುದು, ಥೀಮ್ ಬದಲಿಸುವುದು ಎಲ್ಲ ಸಲೀಸು. ಯಾರೋ ಬರೆದ ಹವಾಮಾನದ ಆಪ್ಲೆಟ್ (ಪ್ಯಾನೆಲ್‌ನಲ್ಲಿ ಕೂರುವ ಪುಟ್ಟ ಪ್ರೋಗ್ರಾಂ) ಸೇರಿಸಿದ್ದೇ ತಡ, ಪ್ಯಾನೆಲ್ ಗರ ಬಡಿದ ಹಾಗೆ ನಿಂತುಬಿಟ್ಟಿತು! (ಬೆಂಗಳೂರಿನ ಮಳೆ ಯಾವ ಆಪ್ಲೆಟ್ ಮಾತು ಕೇಳುತ್ತೆ, ಅಲ್ವಾ?) ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದಿಟ್ಟ ಕಿಟಕಿಗಳು ಹಾಗೇ ಇರುತ್ತವೆ. ಆಪ್ಲೆಟ್ ಕಿತ್ತೆ, ಸರಿಹೋಯಿತು. ಸಿಸ್ಟಮ್ ಒಳಗೆ ಕೈ ಹಾಕುವ ಮುಂಚೆ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂನಲ್ಲಿ ಒಂದು ಸ್ನ್ಯಾಪ್‌ಶಾಟ್ (ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಮ್‌ನ ನಕಲು) ತೆಗೆದಿಡಿ, ಸುಮ್ನೆ ರಿಸ್ಕ್ ಬೇಡ. ಕನ್ನಡ ಟೈಪಿಂಗ್‌ಗೆ ಮಾತ್ರ ಐಬಸ್ ಎಂಬ ಭಾಷಾ ಟೈಪಿಂಗ್ ತಂತ್ರಾಂಶವನ್ನು ನಾವೇ ಹೊಂದಿಸಬೇಕು, ಹೊಸಬರಿಗೆ ಅದು ತಲೆನೋವೇ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಐಬಸ್‌ನಲ್ಲಿ ಸಿಗುತ್ತದೆ.