ಅವ್ವನ ಬಿ.ಪಿ. ಮತ್ತು ದೂರವೈದ್ಯ ಸೇವೆ: ನಾಲ್ಕು ವರ್ಷಗಳ ಬಳಕೆಯ ನಂತರ

ನನ್ನ ಅವ್ವನಿಗೆ ಈಗ 71 ವರ್ಷ. ಗುಳೇದಗುಡ್ಡದ ಸಮೀಪದ ನಮ್ಮ ಊರಿನಲ್ಲಿ ತಮ್ಮನ ಮನೆಯಲ್ಲಿ ಇದ್ದಾಳೆ. ಖಣ ನೇಯುವ ಮನೆತನ ನಮ್ಮದು. ಕಂಡಿಕೆ ಸುತ್ತುತ್ತಲೇ ಅವಳ ಆಯುಷ್ಯದ ಬಹುಭಾಗ ಕಳೆದಿದೆ. ಹನ್ನೆರಡು ವರ್ಷಗಳಿಂದ ರಕ್ತದೊತ್ತಡ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ನಾನು ಬಾಗಲಕೋಟೆಯ ನವನಗರದಲ್ಲಿ ಶಿಕ್ಷಕಿ. ಅವಳನ್ನು ನನ್ನಲ್ಲಿಯೇ ಇರಿಸಿಕೊಳ್ಳಲು ಎರಡು ಬಾರಿ ಪ್ರಯತ್ನಿಸಿದೆ, ಎರಡೂ ಬಾರಿ ಹದಿನೈದು ದಿನ ತುಂಬುವ ಮೊದಲೇ ಊರಿಗೆ ಹೊರಟಳು. ಹೀಗಾಗಿ 2021ರ ಫೆಬ್ರುವರಿಯಲ್ಲಿ ಖಾಸಗಿ ಆಸ್ಪತ್ರೆಯೊಂದರ ದೂರವೈದ್ಯ ಸೇವೆಗೆ ಅವಳ ಹೆಸರನ್ನು ನೋಂದಾಯಿಸಿದೆ. ಆ ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದನ್ನು ಹೇಳುವುದಷ್ಟೇ ನನ್ನ ಉದ್ದೇಶ, ಮತ್ತು ಅದು ಯಾವ ಆಸ್ಪತ್ರೆಯ ಸೇವೆಗಾದರೂ ಅನ್ವಯಿಸುವ ಮಾತು.

ತಿಂಗಳಿಗೆ 350 ರೂಪಾಯಿ ಶುಲ್ಕದಿಂದ ಆರಂಭವಾದದ್ದು ಈಗ 500 ಆಗಿದೆ. ತೋಳಿಗೆ ಸುತ್ತುವ ಒಂದು ಬಿ.ಪಿ. ಯಂತ್ರ ಕೊಡುತ್ತಾರೆ, ಅದರ ಅಂಕಿಗಳು ತಮ್ಮನ ಮೊಬೈಲಿನ ಮೂಲಕ ಆಸ್ಪತ್ರೆಗೆ ತಲುಪುತ್ತವೆ. ಹದಿನೈದು ದಿನಕ್ಕೊಮ್ಮೆ ನರ್ಸ್ ಫೋನ್ ಮಾಡುತ್ತಾರೆ, ತಿಂಗಳಿಗೊಮ್ಮೆ ಡಾಕ್ಟರು ವಿಡಿಯೊದಲ್ಲಿ ಮಾತನಾಡುತ್ತಾರೆ. ರಕ್ತ ಪರೀಕ್ಷೆಯನ್ನು ಗುಳೇದಗುಡ್ಡದ ಯಾವುದಾದರೂ ಲ್ಯಾಬಿನಲ್ಲಿ ಮಾಡಿಸಿ ವರದಿಯ ಫೋಟೊ ಕಳಿಸಿದರೆ ಸಾಕು.

ಇದಕ್ಕೆ ಮೊದಲು ಮೂರು ತಿಂಗಳಿಗೊಮ್ಮೆ ಅವ್ವನನ್ನು ಬಸ್ಸಿನಲ್ಲಿ ಬಾಗಲಕೋಟೆಗೆ ಕರೆತಂದು, ಸರದಿಯಲ್ಲಿ ಕೂರಿಸಿ, ಡಾಕ್ಟರ ಮುಂದೆ ಒಂದೇ ಒಂದು ಬಾರಿ ಬಿ.ಪಿ. ನೋಡಿಸುತ್ತಿದ್ದೆವು. ಮೆಟ್ಟಿಲು ಹತ್ತಿದ ದಣಿವು, ಬಸ್ಸಿನ ಸುಸ್ತು, ಡಾಕ್ಟರು ಏನು ಹೇಳುವರೋ ಎಂಬ ಅಂಜಿಕೆ ಎಲ್ಲವೂ ಸೇರಿ ಅಲ್ಲಿ ಮೇಲಿನ ಅಂಕಿ 168 ಇರುತ್ತಿತ್ತು. ಅದೇ ವಾರ ಮನೆಯಲ್ಲಿ ಅಳೆದರೆ 140ರ ಆಸುಪಾಸು. ಮನೆಯಲ್ಲಿ ಅಳೆದ ಅಂಕಿ ಸಾಮಾನ್ಯವಾಗಿ ಆಸ್ಪತ್ರೆಯ ಅಂಕಿಗಿಂತ ಕಡಿಮೆ ಇರುವುದರಿಂದಲೇ ಆಸ್ಪತ್ರೆಯಲ್ಲಿ 140/90 ಎಂಬ ಗಡಿಗೆ ಮನೆಯಲ್ಲಿ 135/85 ಅನ್ನು ಸಮವೆಂದು ವೈದ್ಯರು ಪರಿಗಣಿಸುತ್ತಾರೆ. ವರ್ಷಕ್ಕೆ ನಾಲ್ಕು ಅಂಕಿಗಳನ್ನು ನೋಡಿ ಮಾತ್ರೆ ನಿರ್ಧರಿಸುವುದಕ್ಕೂ ಪ್ರತಿ ತಿಂಗಳು ಒಂದು ವಾರದ ಬೆಳಗು-ಸಂಜೆಗಳ ಅಂಕಿಗಳ ಸರಾಸರಿಯನ್ನು ನೋಡಿ ನಿರ್ಧರಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಮೊದಲ ತಿಂಗಳಲ್ಲಿಯೇ ಅರ್ಥವಾಯಿತು.

ಮೊದಲ ಎರಡು ವರ್ಷ ಈ ಸೇವೆ ನಮಗೆ ನಿಜವಾಗಿಯೂ ಉಪಕಾರ ಮಾಡಿತು, ಮತ್ತು ಅದರ ಬಹುಪಾಲು ಶ್ರೇಯಸ್ಸು ಆಗ ಇದ್ದ ಒಬ್ಬ ನರ್ಸಿಗೆ ಸಲ್ಲಬೇಕು. ಅವರು ನಮ್ಮ ಕಡೆಯವರೇ. ಮೊಬೈಲಿನ ಪರದೆಯಲ್ಲಿ ‘ಸಂಕೋಚನದ ಒತ್ತಡ’, ‘ವಿಕಸನದ ಒತ್ತಡ’ ಎಂದು ಬರುತ್ತಿದ್ದ ಪದಗಳು ಅವ್ವನಿಗೆ ಹೋಗಲಿ, ನನಗೂ ಕೂಡಲೇ ತಿಳಿಯುತ್ತಿರಲಿಲ್ಲ. ಅವರು ‘ಮ್ಯಾಲಿಂದು’, ‘ಕೆಳಗಿಂದು’ ಎಂದೇ ಕೇಳುತ್ತಿದ್ದರು. ತೋಳಿಗೆ ಸುತ್ತುವ ಪಟ್ಟಿ ಅವ್ವನ ತೋಳಿಗೆ ಚಿಕ್ಕದಾಗಿದೆ, ಅದರಿಂದ ಅಂಕಿ ಹೆಚ್ಚು ತೋರಿಸುತ್ತಿದೆ ಎಂಬುದನ್ನು ವಿಡಿಯೊದಲ್ಲಿ ಗುರುತಿಸಿ ದೊಡ್ಡ ಪಟ್ಟಿ ಕಳಿಸಿಕೊಟ್ಟವರೂ ಅವರೇ. ಗೋಡೆಗೆ ಬೆನ್ನು ಆನಿಸಿ ಕುರ್ಚಿಯ ಮೇಲೆ ಐದು ನಿಮಿಷ ಸುಮ್ಮನೆ ಕೂರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟದಲ್ಲಿರಬೇಕು, ಅಳೆಯುವಾಗ ಮಾತನಾಡಬಾರದು ಎಂಬುದನ್ನೆಲ್ಲ ತಮ್ಮನ ಹೆಂಡತಿಗೆ ಮೂರು ಫೋನ್ ಕರೆಗಳಲ್ಲಿ ಕಲಿಸಿದರು. ಊಟದ ವಿಚಾರದಲ್ಲಿಯೂ ಅಷ್ಟೇ. “ಉಪ್ಪು ಕಡಿಮೆ ಮಾಡಿ” ಎಂದು ಹೇಳಿ ಮುಗಿಸಲಿಲ್ಲ. ರೊಟ್ಟಿಯ ಜೊತೆ ರಂಜಕ (ಕೆಂಪು ಮೆಣಸಿನಕಾಯಿಯ ಚಟ್ನಿ) ಎಷ್ಟು, ಉಪ್ಪಿನಕಾಯಿ ಎಷ್ಟು, ಹಪ್ಪಳ ವಾರಕ್ಕೆ ಎಷ್ಟು ಸಲ ಎಂದು ಒಂದೊಂದಾಗಿ ಕೇಳಿದರು. ಅವ್ವ ಸಾರಿಗೆ ಉಪ್ಪು ಕಡಿಮೆ ಮಾಡಿ ರಂಜಕವನ್ನು ಹಾಗೆಯೇ ಮುಂದುವರಿಸಿದ್ದಾಳೆ ಎಂಬುದು ನಮಗೆ ಗೊತ್ತಾದದ್ದು ಆಗಲೇ.

ಒಂದು ಪ್ರಸಂಗವನ್ನು ವಿವರವಾಗಿ ಹೇಳಬೇಕು. ಆಮ್ಲೊಡಿಪಿನ್ ಎಂಬ ಬಿ.ಪಿ. ಮಾತ್ರೆಯ ಪ್ರಮಾಣವನ್ನು 5 ಮಿ.ಗ್ರಾಂನಿಂದ 10ಕ್ಕೆ ಏರಿಸಿದ ಮೂರು ವಾರಗಳಲ್ಲಿ ಅವ್ವನ ಕಾಲು ಬಾತವು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ, ವಯಸ್ಸಾದರೆ ಕಾಲು ಬಾಯುವುದು ಸಹಜವೆಂದು ತಿಳಿದಿದ್ದಳು. ನರ್ಸ್ ಮಾಮೂಲಿ ಕರೆಯಲ್ಲಿ “ಚಪ್ಪಲಿ ಬಿಗಿ ಆಗ್ತಾವೇನ್ರಿ ಅವ್ವಾರ?” ಎಂದು ಕೇಳಿದಾಗ ವಿಷಯ ಹೊರಬಂತು. ಮರುದಿನ ಡಾಕ್ಟರು ವಿಡಿಯೊದಲ್ಲಿ ಬಂದು, ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಡುವಂತೆ ತಮ್ಮನ ಹೆಂಡತಿಗೆ ಹೇಳಿ, ಬಿದ್ದ ತಗ್ಗನ್ನು ಕ್ಯಾಮೆರಾದ ಹತ್ತಿರ ತರಿಸಿ ನೋಡಿದರು. ಉಸಿರಾಟದ ತೊಂದರೆ, ರಾತ್ರಿ ತಲೆದಿಂಬಿನ ಎತ್ತರ, ಮೂತ್ರದ ಪ್ರಮಾಣ ಎಲ್ಲವನ್ನೂ ಕೇಳಿದ ಮೇಲೆ ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ಇಳಿಸಿ, ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿ.ಪಿ. ಮಾತ್ರೆ ಸೇರಿಸಿ, ಕೆಲವು ವಾರಗಳ ನಂತರ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಶ) ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಬಾವು ಇಳಿಯಿತು, ಸರಾಸರಿ 134ಕ್ಕೆ ಬಂತು. ಹಿಂದಿನ ಪದ್ಧತಿಯಲ್ಲಿ ಇದು ಮುಂದಿನ ಬಾಗಲಕೋಟೆ ಪ್ರಯಾಣದವರೆಗೆ ಹಾಗೆಯೇ ಉಳಿಯುತ್ತಿತ್ತು, ಅಥವಾ ಅವ್ವ ತಾನಾಗಿಯೇ ಮಾತ್ರೆ ಬಿಟ್ಟುಬಿಡುತ್ತಿದ್ದಳು.

ಈ ಅನುಭವ ನಮ್ಮ ಅದೃಷ್ಟವೋ ಅಥವಾ ಇಂಥ ಸೇವೆಯ ಗುಣವೋ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದರಿಂದ ವೈದ್ಯಕೀಯ ಸಂಶೋಧನೆಗಳನ್ನು ಓದತೊಡಗಿದೆ. ಬ್ರಿಟನ್ನಿನಲ್ಲಿ 1182 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಟಾಸ್ಮಿನ್-4 ಎಂಬ ಅಧ್ಯಯನದಲ್ಲಿ ರೋಗಿಗಳನ್ನು ಮೂರು ಗುಂಪು ಮಾಡಿದ್ದರು: ಮಾಮೂಲಿನಂತೆ ಆಸ್ಪತ್ರೆಯಲ್ಲಿ ನೋಡಿಸಿಕೊಳ್ಳುವವರು, ಮನೆಯಲ್ಲಿ ಅಳೆದು ಕಾಗದದ ಮೇಲೆ ಬರೆದು ಕಳಿಸುವವರು, ಮನೆಯಲ್ಲಿ ಅಳೆದು ಮೊಬೈಲಿನ ಮೂಲಕ ಕಳಿಸುವವರು. ಒಂದು ವರ್ಷದ ನಂತರ ಮೇಲಿನ ಅಂಕಿಯ ಸರಾಸರಿ ಮೊದಲ ಗುಂಪಿನಲ್ಲಿ 140.4, ಕಾಗದದವರಲ್ಲಿ 137.0, ಮೊಬೈಲಿನವರಲ್ಲಿ 136.0. ಕೊನೆಯ ಎರಡು ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಮನೆಯಲ್ಲಿ ಅಳೆದ ಅಂಕಿಯನ್ನು ನೋಡಿ ವೈದ್ಯರು ಮಾತ್ರೆ ಬದಲಿಸಿದ್ದೇ ಫಲ ಕೊಟ್ಟಿತ್ತು. ಅಂಕಿ ಯಾವ ದಾರಿಯಿಂದ ಬಂತು ಎಂಬುದು ನಂತರದ ಮಾತು.

ಇನ್ನೂ ಸ್ಪಷ್ಟವಾಗಿ ಇದು ಕಾಣುವುದು ಹೃದಯ ವೈಫಲ್ಯದ, ಅಂದರೆ ಹೃದಯಕ್ಕೆ ಸಾಕಷ್ಟು ರಕ್ತ ಪಂಪ್ ಮಾಡಲಾಗದ, ರೋಗಿಗಳ ಮೇಲೆ ನಡೆದ ಎರಡು ಅಧ್ಯಯನಗಳನ್ನು ಜೊತೆಯಲ್ಲಿಟ್ಟು ಓದಿದಾಗ. ಅಮೆರಿಕದಲ್ಲಿ 1653 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದರಲ್ಲಿ, ರೋಗಿಗಳು ದಿನವೂ ಒಂದು ಸಂಖ್ಯೆಗೆ ಫೋನ್ ಮಾಡಿ ಧ್ವನಿಮುದ್ರಿತ ಪ್ರಶ್ನೆಗಳಿಗೆ ಗುಂಡಿ ಒತ್ತಿ ಉತ್ತರಿಸಬೇಕಿತ್ತು. ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಫೋನ್ ಗುಂಪಿನಲ್ಲಿ ಶೇ. 52.3, ಮಾಮೂಲಿ ಗುಂಪಿನಲ್ಲಿ ಶೇ. 51.5, ಅಂದರೆ ಯಾವ ಪ್ರಯೋಜನವೂ ಆಗಲಿಲ್ಲ. ಶೇ. 14ರಷ್ಟು ಜನ ಒಮ್ಮೆಯೂ ಆ ಫೋನ್ ಮಾಡಲೇ ಇಲ್ಲ. ಜರ್ಮನಿಯಲ್ಲಿ 1571 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ತೂಕ, ಬಿ.ಪಿ., ಇ.ಸಿ.ಜಿ., ರಕ್ತದ ಆಮ್ಲಜನಕದ ಅಂಕಿಗಳು ದಿನವೂ ಬರ್ಲಿನ್ನಿನ ಒಂದು ಕೇಂದ್ರಕ್ಕೆ ತಲುಪುತ್ತಿದ್ದವು, ಅಲ್ಲಿ ವೈದ್ಯರು ಮತ್ತು ನರ್ಸುಗಳು ಹಗಲು-ರಾತ್ರಿ ಕುಳಿತು ಅವುಗಳನ್ನು ನೋಡುತ್ತಿದ್ದರು. ನೂರು ಜನರನ್ನು ಒಂದು ವರ್ಷ ಗಮನಿಸಿದರೆ ಆಗುವ ಸಾವುಗಳ ಲೆಕ್ಕದಲ್ಲಿ ಅಲ್ಲಿ 7.9, ಹೋಲಿಕೆಯ ಗುಂಪಿನಲ್ಲಿ 11.3. ಎರಡು ದೇಶಗಳ ರೋಗಿಗಳು, ವೈದ್ಯ ವ್ಯವಸ್ಥೆ, ಕಾಲ ಎಲ್ಲವೂ ಬೇರೆಯಾಗಿದ್ದರಿಂದ ನೇರ ಹೋಲಿಕೆ ಸರಿಯಲ್ಲವೆಂದು ಬಲ್ಲೆ. ಆದರೂ ಅಂಕಿಯ ಆಚೆ ತುದಿಯಲ್ಲಿ ಮನುಷ್ಯರು ಕುಳಿತಿದ್ದಾರೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾನು ಅಂದಿನಿಂದ ಕೈಬಿಟ್ಟಿಲ್ಲ.

ಏಕೆಂದರೆ ಮೂರನೆಯ ವರ್ಷದಲ್ಲಿ ನಮಗೆ ಆದದ್ದೂ ಅದೇ. ಆ ನರ್ಸ್ ಕೆಲಸ ಬಿಟ್ಟರು. ಅವರ ಜಾಗದಲ್ಲಿ ಕೆಲವು ತಿಂಗಳು ಯಾರೂ ಬರಲಿಲ್ಲ. ಅಳೆದ ಕೂಡಲೇ “ನಿಮ್ಮ ಮಾಹಿತಿ ದಾಖಲಾಗಿದೆ, ಧನ್ಯವಾದಗಳು” ಎಂಬ ಸಂದೇಶ ಮಾತ್ರ ಬರುತ್ತಿತ್ತು. ಡಾಕ್ಟರ ತಿಂಗಳ ವಿಡಿಯೊ ಕರೆ ಎರಡು ಬಾರಿ ಮುಂದಕ್ಕೆ ಹೋಯಿತು. ಸಂದೇಶ ಬರುತ್ತಿದೆ ಎಂದರೆ ಯಾರೋ ನೋಡುತ್ತಿದ್ದಾರೆ ಎಂದು ತಮ್ಮ ನಂಬಿದ್ದ, ನಾನೂ ನಂಬಿದ್ದೆ. ದೀಪಾವಳಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಹಿಂದಿನ ಅಂಕಿಗಳನ್ನು ತೆರೆದು ನೋಡಿದೆ: ಹನ್ನೊಂದು ವಾರಗಳಿಂದ ಮೇಲಿನದು 150ರಿಂದ 162ರ ನಡುವೆ ಇತ್ತು, ಅವ್ವ ಅಷ್ಟೂ ವಾರ ತಪ್ಪದೆ ಅಳೆಸಿಕೊಂಡಿದ್ದಳು, ಆ ಅಂಕಿಗಳನ್ನು ಯಾರೂ ಓದಿರಲಿಲ್ಲ. ನನಗೆ ಆ ದಿನ ಆದ ಸಂಕಟ ಇಂದಿಗೂ ಮರೆತಿಲ್ಲ. ಅಳೆಯದೇ ಇದ್ದಿದ್ದರೆ ನಾವು ಅನುಮಾನಿಸಿಯಾದರೂ ಬಾಗಲಕೋಟೆಗೆ ಕರೆದೊಯ್ಯುತ್ತಿದ್ದೆವು. ಅಳೆಯುತ್ತಿದ್ದುದರಿಂದಲೇ ನಿಶ್ಚಿಂತೆಯಾಗಿ ಕುಳಿತುಬಿಟ್ಟೆವು. ಲಿಖಿತವಾಗಿ ದೂರು ಕೊಟ್ಟ ಮೇಲೆ ಹೊಸ ನರ್ಸನ್ನು ನೇಮಿಸಿದರು, ಮೂರು ತಿಂಗಳ ಶುಲ್ಕವನ್ನೂ ಮರಳಿಸಿದರು.

ಅಮೆರಿಕದ ಮಿನೆಸೋಟದಲ್ಲಿ 450 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹೈಪರ್‌ಲಿಂಕ್ ಅಧ್ಯಯನವನ್ನು ನಾನು ಓದಿದ್ದು ಇದಾದ ಮೇಲೆ. ಅಲ್ಲಿ ಮನೆಯಲ್ಲಿ ಅಳೆದ ಅಂಕಿಗಳನ್ನು ಔಷಧತಜ್ಞರು ನೋಡಿ, ಫೋನ್ ಮಾಡಿ, ಮಾತ್ರೆ ಹೊಂದಿಸುತ್ತಿದ್ದರು. ಆರು ತಿಂಗಳು ಮತ್ತು ಒಂದು ವರ್ಷ ಎರಡೂ ಹಂತಗಳಲ್ಲಿ ಬಿ.ಪಿ. ಹತೋಟಿಯಲ್ಲಿದ್ದವರು ಆ ಗುಂಪಿನಲ್ಲಿ ಶೇ. 57.2, ಹೋಲಿಕೆಯ ಗುಂಪಿನಲ್ಲಿ ಶೇ. 30. ಆ ವ್ಯವಸ್ಥೆಯನ್ನು ಒಂದು ವರ್ಷ ನಡೆಸಿ ನಿಲ್ಲಿಸಿದರು. ಅದರ ಫಲ ಆರಂಭದಿಂದ 24 ತಿಂಗಳವರೆಗೆ ಉಳಿದು, 54ನೆಯ ತಿಂಗಳಲ್ಲಿ ನೋಡಿದಾಗ ಇಲ್ಲವಾಗಿತ್ತು. ಕೇವಲ ಆರು ತಿಂಗಳು ಬಳಸಿ ಬರೆದ ಮೆಚ್ಚುಗೆಗಳನ್ನು ಓದಿ ಇಂಥ ಸೇವೆಯನ್ನು ಆಯ್ದುಕೊಳ್ಳುವವರು ಈ ಮಾತನ್ನು ಗಮನಿಸಬೇಕೆಂದು ಕೋರುತ್ತೇನೆ.

ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳೂ ಇಂಥ ಸಂಶೋಧನೆಯಲ್ಲಿ ಪಾಲುಗೊಂಡಿದ್ದಾರೆ ಎಂಬುದು ಅನೇಕರಿಗೆ ಗೊತ್ತಿಲ್ಲ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ ಕ್ಲಿಪ್ ಎಂಬ ಅಧ್ಯಯನ ನಡೆಯಿತು. ಗರ್ಭಿಣಿಯರ ರಕ್ತದೊತ್ತಡವನ್ನು ಆಶಾ ಕಾರ್ಯಕರ್ತೆಯರು ಮತ್ತು ಕಿರಿಯ ಆರೋಗ್ಯ ಸಹಾಯಕಿಯರು ಮನೆಯಲ್ಲಿಯೇ ಅಳೆದು, ಮೊಬೈಲ್ ತಂತ್ರಾಂಶವೊಂದು ಸೂಚಿಸಿದಂತೆ ಅಪಾಯವನ್ನು ಅಂದಾಜಿಸಿ, ಅಗತ್ಯವಿದ್ದವರಿಗೆ ಮೊದಲ ಚಿಕಿತ್ಸೆ ನೀಡಿ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಅದು. ಪಾಕಿಸ್ತಾನ ಮತ್ತು ಮೊಜಾಂಬಿಕ್‌ಗಳಲ್ಲಿಯೂ ಇದೇ ಪ್ರಯೋಗ ನಡೆದು 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ತಾಯಿ-ಮಗುವಿನ ಸಾವುನೋವುಗಳು ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಎಂಟು ಅಥವಾ ಹೆಚ್ಚು ಬಾರಿ ಭೇಟಿ ಪಡೆದ ಗರ್ಭಿಣಿಯರಲ್ಲಿ ಹೊಟ್ಟೆಯಲ್ಲಿಯೇ ಮಗು ತೀರಿಕೊಳ್ಳುವ ಪ್ರಸಂಗಗಳು ಕಡಿಮೆ ಇದ್ದವು. ಆದರೆ ಗರ್ಭ ಪೂರ್ಣಾವಧಿ ಮುಂದುವರಿದವರಿಗೆ ಮಾತ್ರ ಎಂಟು ಭೇಟಿಗಳು ಸಾಧ್ಯವಾಗುವುದರಿಂದ ಇದನ್ನು ಎಚ್ಚರಿಕೆಯಿಂದಲೇ ಓದಬೇಕು. ಹಾಗೆಯೇ ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರಿಗಾಗಿ ನಡೆದ ಎಂವೆಲ್‌ಕೇರ್ ಅಧ್ಯಯನದಲ್ಲಿ ಟ್ಯಾಬ್ಲೆಟ್ ಯಂತ್ರ ಹಿಡಿದ ನರ್ಸುಗಳ ಕೇಂದ್ರಗಳಿಗೂ, ಯಂತ್ರವಿಲ್ಲದೆ ಹೆಚ್ಚಿನ ಆರೈಕೆ ಕೊಟ್ಟ ಕೇಂದ್ರಗಳಿಗೂ ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಇವನ್ನು ಸೋಲೆಂದು ನಾನು ಓದುವುದಿಲ್ಲ. ಇಂಥ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದಲೇ ಯಂತ್ರ ಕೊಳ್ಳುವ ಮುನ್ನ ಸಿಬ್ಬಂದಿಯ ಬಗ್ಗೆ ಕೇಳಬೇಕೆಂಬ ಧೈರ್ಯ ನನ್ನಂಥವರಿಗೆ ಬಂದಿದೆ.

ಕೆಲವು ವ್ಯಾವಹಾರಿಕ ವಿಷಯಗಳು. ಭಾರತದಲ್ಲಿ ದೂರವೈದ್ಯ ಸಮಾಲೋಚನೆಗೆ 2020ರ ಮಾರ್ಚ್ 25ರಂದು ಮಾರ್ಗಸೂಚಿ ಬಂದಿದೆ. ಅದರ ಪ್ರಕಾರ ಔಷಧ ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇರಬೇಕು, ಮತ್ತು ಮಾದಕ ಗುಣದ ಔಷಧಗಳನ್ನು ಫೋನಿನಲ್ಲಿ ಬರೆಯುವಂತಿಲ್ಲ. ಹಣ ಕೊಡಲಾಗದವರಿಗೆ ಸರ್ಕಾರದ ಇ-ಸಂಜೀವಿನಿ ಉಚಿತವಾಗಿದೆ. ಊರಿನ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ಪಕ್ಕದಲ್ಲಿಯೇ ಕುಳಿತು ವೈದ್ಯರೊಂದಿಗೆ ಮಾತನಾಡಿಸುವ ಅದರ ಪದ್ಧತಿ ವಯಸ್ಸಾದವರಿಗೆ ಬಹಳ ಅನುಕೂಲ. ನಮ್ಮ ಊರಿನಲ್ಲಿ ಮಳೆ-ಗಾಳಿಯ ದಿನ ನೆಟ್‌ವರ್ಕ್ ಹೋಗುತ್ತದೆ, ಆಗ ವಿಡಿಯೊ ಬಿಟ್ಟು ಬರೀ ಫೋನಿನಲ್ಲಿ ಮಾತನಾಡಿದ್ದೇವೆ. ಸಕ್ಕರೆ ಕಾಯಿಲೆಯ ಪಾದದ ಪರೀಕ್ಷೆ ಮತ್ತು ಕಣ್ಣಿನ ಪರೀಕ್ಷೆಗೆ ವರ್ಷಕ್ಕೊಮ್ಮೆ ಬಾಗಲಕೋಟೆಗೆ ಕರೆತರುವುದನ್ನು ನಾವು ನಿಲ್ಲಿಸಿಲ್ಲ, ನಿಲ್ಲಿಸಲೂಬಾರದು. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ವಿಡಿಯೊ ಕರೆಗೆ ಕಾಯದೆ 108ಕ್ಕೆ ಫೋನ್ ಮಾಡಬೇಕೆಂದು ಬಿ.ಪಿ. ಯಂತ್ರದ ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದೇನೆ.

“ಡಾಕ್ಟರು ಕೈ ಹಿಡಿದು ನೋಡಂಗಿಲ್ಲ ಅನ್ನೂದೊಂದ ಬಿಟ್ರ ಚಲೋನ ಐತಿ ನೋಡವಾ” ಎಂದು ಅವ್ವ ಈಗ ಹೇಳುತ್ತಾಳೆ. ಕಳೆದ ತಿಂಗಳ ಸರಾಸರಿ 136/80 ಇದೆ. ಈ ವರ್ಷದ ಶುಲ್ಕ ಕಟ್ಟುವ ಮೊದಲು ಆಸ್ಪತ್ರೆಯವರಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳಿಸಿದೆ: ನನ್ನ ಅವ್ವನ ಅಂಕಿಗಳನ್ನು ಓದುವವರ ಹೆಸರೇನು, ಅವರು ರಜೆಯಲ್ಲಿದ್ದಾಗ ಯಾರು ಓದುತ್ತಾರೆ, ಸತತ ಮೂರು ದಿನ 150 ದಾಟಿದರೆ ಎಷ್ಟು ತಾಸಿನೊಳಗೆ ನಮಗೆ ಫೋನ್ ಬರುತ್ತದೆ. ಮೂರಕ್ಕೂ ಲಿಖಿತ ಉತ್ತರ ಬಂದ ಮೇಲೆಯೇ ಹಣ ಕಟ್ಟಿದೆ. ಆ ಪತ್ರವೂ ಈಗ ಅದೇ ಡಬ್ಬಿಯಲ್ಲಿದೆ.